ಅಕ್ಕ ಓದಿದ ವರದಿ

ಗಂಡಸೊಬ್ಬನ ಫೋನಿಗೆ ಗರ್ಭಕೋಶದ ಸ್ಕ್ಯಾನಿಂಗ್ ವರದಿ ಬಂದಿದೆಯೆಂದು ಆಸ್ಪತ್ರೆಯಿಂದ ದೂರು ಬಂದಾಗ ಆಫೀಸಿನವರೆಲ್ಲ ಬಿದ್ದು ಬಿದ್ದು ನಕ್ಕರು. ನಗದೆ ಕೂತವಳು ಒಬ್ಬಳೇ. ರೋಗಿಗಳಿಗೆ ಫೋನಿನಲ್ಲೇ ವರದಿ ತೋರಿಸುವ ಆ ಜಾವಾ ಪ್ರೋಗ್ರಾಮನ್ನು ಬರೆದವಳು ಅವಳು. ಅಂದು ಬೆಳಿಗ್ಗೆಯಷ್ಟೇ ಅವಳ ಅಕ್ಕ ಅದರಲ್ಲೇ ತನ್ನ ವರದಿ ತೆರೆದು, "ಎದೆಯ ಗಂಟು ಏನೂ ಅಲ್ವಂತೆ ಕಣೇ, ಬದುಕಿಕೊಂಡೆ" ಎಂದು ಫೋನಿನಲ್ಲಿ ಅತ್ತಿದ್ದಳು.

ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ನೀರು ಕುಡಿಯಲು ಎದ್ದು, ಕುಡಿಯದೆ ಬಂದಳು. ಕೋಡನ್ನು ಮೇಲಿಂದ ಕೆಳಗೆ ಜಾಲಾಡಿದಳು.

ತಪ್ಪು ಕಣ್ಣೆದುರೇ ಇತ್ತು. ಸರ್ವರ್‌ನಲ್ಲಿ ಬಂದವರ ಕೆಲಸ ಮಾಡಿಕೊಡುವ ಥ್ರೆಡ್ ಅನ್ನು ಒಬ್ಬೊಬ್ಬರಿಗೂ ಹೊಸದಾಗಿ ಎಲ್ಲಿಂದ ತರುವುದು? ಇರುವ ಕೆಲವೇ ಥ್ರೆಡ್‌ಗಳು ಹೋಟೆಲಿನ ಮೇಜುಗಳ ಹಾಗೆ, ಒಬ್ಬರಾದ ಮೇಲೆ ಇನ್ನೊಬ್ಬರಿಗೆ. ಬಂದ ರೋಗಿಯ ಗುರುತನ್ನು ಅವಳು ಥ್ರೆಡ್‌ನಲ್ಲೇ ಇಟ್ಟಿದ್ದಳು: ಖಾಲಿಯಿದ್ದರೆ ತುಂಬು, ಕೆಲಸ ಮುಗಿದಾಗ ಅಳಿಸು. ಕೆಲಸ ನಡುವೆಯೇ ಕೆಟ್ಟರೆ ಅಳಿಸುವ ಸಾಲು ನಡೆಯುವುದೇ ಇಲ್ಲ, ಹಳೆಯ ಗುರುತು ಅಲ್ಲೇ ಉಳಿಯುತ್ತದೆ. ಮುಂದಿನವರು ಒರೆಸದ ಮೇಜಿಗೆ ಬಂದು ಕೂರುತ್ತಾರೆ. ಪುಟದ ಮೇಲೆ ಅವರದೇ ಹೆಸರು, ಕೆಳಗೆ ಹಿಂದಿನವರ ವರದಿ.

ಎಲ್ಲದಕ್ಕೂ ಆಮೇಲೆ ಆಮೇಲೆ ಎನ್ನುವ ಟೀಮ್ ಲೀಡ್‌ಗೆ ಆಫೀಸಿನಲ್ಲಿ ಆಮೇಲಪ್ಪ ಎಂದೇ ಹೆಸರು. ಆತ ಬಂದು ಹಿಂದೆ ನಿಂತ. "ಅಳಿಸೋ ಸಾಲನ್ನ ಫೈನಲಿ ಬ್ಲಾಕ್ ಒಳಗೆ ಹಾಕು, ಏನೇ ಕೆಟ್ಟರೂ ಅದು ನಡೆಯುತ್ತೆ. ಜನಕ್ಕೆ ತಿಳಿಸೋದು ಆಮೇಲೆ ನೋಡೋಣ."

"ಫೈನಲಿಗೆ ಹಾಕಿ ಆಯ್ತು, ಸರ್ವರ್‌ಗೂ ಏರಿಸಿದ್ದೀನಿ. ತಿಳಿಸೋದು ಆಮೇಲೆ ಅಂದ್ರೆ ಆಗಲ್ಲ ಸರ್. ತಪ್ಪು ವರದಿ ನೋಡಿದವರಲ್ಲಿ ನಮ್ಮಕ್ಕನೂ ಇರಬಹುದು."

ಆತನ ಮುಖ ಸಪ್ಪಗಾಯಿತು. "ಡೇಟಾಬೇಸ್ ನಿನ್ನ ಕೈಯಲ್ಲೇ ಇದೆಯಲ್ಲ, ಅಕ್ಕನದು ತೆಗೆದು ನೋಡಿಬಿಡು."

"ಒಬ್ಬರದ್ದು ಇನ್ನೊಬ್ಬರು ನೋಡಿದ್ದು ಇವತ್ತಿಗೆ ಸಾಕು ಸರ್."

ಮೆಟ್ಟಿಲ ಹತ್ತಿರ ಹೋಗಿ ಅಕ್ಕನಿಗೆ ಫೋನ್ ಮಾಡಿದಳು. ಅತ್ತ ಕಡೆ ಪಾತ್ರೆಗಳ ಸದ್ದು, ಅಮ್ಮನ ನಗು.

"ಅಕ್ಕಾ, ಆ ವರದಿ ಇನ್ನೊಂದ್ಸಲ ತೆರೆದು ನೋಡೇ. ನನ್ನ ಕೋಡಲ್ಲಿ ತಪ್ಪಾಗಿತ್ತು. ಬೆಳಿಗ್ಗೆ ನೀನು ನೋಡಿದ್ದು ನಿನ್ನದೇ ಅಂತ ಹೇಳೋಕಾಗಲ್ಲ."

ಪಾತ್ರೆಯ ಸದ್ದು ನಿಂತಿತು. ಅಕ್ಕ ಓದುತ್ತಿದ್ದಳು. ಇವಳು ಕಂಬಿಯನ್ನು ಬಿಗಿಯಾಗಿ ಹಿಡಿದಳು, ಬಿಟ್ಟಳು, ಮತ್ತೆ ಹಿಡಿದಳು.

"ಬೇರೆ ಇದೆ ಕಣೇ," ಎಂದಳು ಅಕ್ಕ ಕೊನೆಗೆ, ಅಮ್ಮನಿಗೆ ಕೇಳಿಸದ ಹಾಗೆ. ಇವಳು ಮೆಟ್ಟಿಲ ಮೇಲೆ ಕೂತಳು.

"ಬೆಳಿಗ್ಗೆ ನಾನು ಓದಿದ್ದು ಯಾರದ್ದೋ, ಅವರಿಗೆ ಮೊದಲು ಹೇಳು. ಪಾಪ, ತನಗೆ ಏನೂ ಇಲ್ಲ ಅಂತ ಅವರಿಗಿನ್ನೂ ಗೊತ್ತಿಲ್ಲ."