ಚಿಗುರಿದ ದಿಂಡಿಗ

ಪೆಟ್ರೋಲು ಸಿಗದೆ ಹೊಸಪೇಟೆಯ ಬಸ್ಸುಗಳು ಇದ್ದಿಲಿನ ಮೇಲೆ ಓಡುತ್ತಿದ್ದ ಯುದ್ಧದ ವರ್ಷ ಅದು. ಬಸ್ಸಿಗೆ ಇದ್ದಿಲು ಬೇಕು, ಇದ್ದಿಲಿಗೆ ಸಂಡೂರಿನ ಗುಡ್ಡದ ಮರ ಬೇಕು. ಬಂಡ್ರಿಯ ಉಚ್ಚೆಂಗಪ್ಪ, ಜಂಬವ್ವ ಗಂಡಹೆಂಡತಿ ಇಬ್ಬರೂ ಮರ ಕಡಿಯುವವರೇ. ನೆಲದಿಂದ ಗೇಣು ಮೇಲೆ, ನೀರು ನಿಲ್ಲದಂತೆ ಓರೆಯಾಗಿ ಕಡಿದರೆ ಬುಡ ಮತ್ತೆ ಚಿಗುರುತ್ತದೆಂದು ಅವಳಿಗೆ ಕಲಿಸಿದವನು ಉಚ್ಚೆಂಗಪ್ಪನೇ. ತಪ್ಪಿದರೆ ಬೈಗುಳಕ್ಕೇನೂ ಕೊರತೆಯಿರಲಿಲ್ಲ.

ಬೇಸಿಗೆಯಲ್ಲಿ ದಿಂಡಿಗದ ಮರವೊಂದರ ಒಣಕೊಂಬೆ ಬಿದ್ದು ಅವನು ಸತ್ತ. ಅಂಬಲಿ ಕುಡಿಯಲು ನೆರಳಿಗೆ ಕೂತಿದ್ದನಷ್ಟೆ. ಜಂಬವ್ವನಿಗೆ ಅಳು ಬರಲಿಲ್ಲ. ಹಸಿವೂ ಬರಲಿಲ್ಲ. ಎಬ್ಬಿಸಿದರೆ ಎದ್ದಳು, ಕೂರಿಸಿದರೆ ಕೂತಳು.

ಆಳು ತಿಂದ ಮರ ಬುಡಸಮೇತ ಸಾಯಬೇಕು, ಮೊದಲ ಏಟು ಹೆಂಡತಿಯದಾಗಬೇಕು. ಅದು ಮರ ಕಡಿಯುವವರ ಪದ್ಧತಿ. ಹಿರಿಯ ಮರಿಸ್ವಾಮಿ ಕೊಡಲಿ ಕೊಟ್ಟ, ಅವಳು ಬೀಸಿದಳು. ಮನಸ್ಸು ಎಲ್ಲೋ ಇತ್ತು. ಕೈಗೆ ಗೊತ್ತಿದ್ದದ್ದು ಒಂದೇ ರೀತಿ. ಗೇಣು ಮೇಲೆ ಓರೆಯಾಗಿ ಬಿದ್ದ ಆ ಗಾಯದ ಮೇಲೆಯೇ ಉಳಿದವರೂ ಕಡಿದರು. ಗಂಡ ಸತ್ತವಳ ಏಟನ್ನು ಯಾರು ಪರೀಕ್ಷೆ ಮಾಡುತ್ತಾರೆ!

ಮಳೆ ಬಿದ್ದ ಮೇಲೆ ಬುಡದ ಸುತ್ತ ಚಿಗುರು ಎದ್ದಿತು.

"ಅದಕ್ಕ ಆಡು ಬಿಡವ್ವ," ಎಂದ ಮರಿಸ್ವಾಮಿ. "ಚಿಗುರು ಬಂದಂಗ ಮೇಯಿಸಿದ್ರ ಬುಡ ಸಾಯ್ತದ. ಅದು ಸಾಯೋತನಕ ನಿನ್ನ ಮನಿ ನೀರು ನಾವು ಕುಡ್ಯಂಗಿಲ್ಲ."

ಜಂಬವ್ವ ಆಡು ಹೊಡೆದುಕೊಂಡು ಹೋದಳು. ಎಳೆಯ ಎಲೆಗಳು ನಾಚಿಕೆಯಿಲ್ಲದೆ ಹೊಳೆಯುತ್ತಿದ್ದವು. ಅವಳಿಗೆ ಸಿಟ್ಟು ಬಂತು. ಗಂಡ ಹೋದಮೇಲೆ ಅವಳೊಳಗೆ ಏನಾದರೂ ಆದದ್ದು ಅದೇ ಮೊದಲು.

"ನಿನಗ ತಿರುಗಿ ಬರಾಕ ಬರ್ತದ. ಅವಗ ಯಾಕ ಬರಲಿಲ್ಲ?"

ಒಂದು ಆಡು ಚಿಗುರಿಗೆ ಬಾಯಿ ಹಾಕಿತು. ಜಂಬವ್ವ ಕೂತು ನೋಡಿದಳು. ಎಲೆ ಹರಿದು ಕೆಳಗಿನ ಕೊಡಲಿಯ ಓರೆ ಗಾಯ ಕಾಣಿಸಿದ್ದೇ ತಡ, ಎದ್ದು ಆಡಿನ ಬೆನ್ನಿಗೆ ಬಾರಿಸಿದಳು. ಮಂದೆಯನ್ನೆಲ್ಲ ಕೆಳಗೆ ಅಟ್ಟಿ, ಮುಳ್ಳುಕಂಟಿ ಎಳೆದು ತಂದು ಬುಡದ ಸುತ್ತ ಒಟ್ಟಿದಳು. ಅಂಗೈ ತುಂಬ ರಕ್ತವಾಯಿತು.

ವಿಷಯ ತಿಳಿದು ಮರಿಸ್ವಾಮಿ ಗುಡ್ಡ ಹತ್ತಿ ಬಂದ.

"ಗಂಡನ್ನ ಕೊಂದ ಮರಕ್ಕ ಬೇಲಿ ಹಾಕೀಯೇನವ್ವ? ತಲಿ ಕೆಟ್ಟೈತೇನು?"

"ಮರ ಸುಡಗಾಡಿಗೆ ಹೋಗ್ಲಿರಿ," ಎಂದಳು ಜಂಬವ್ವ. "ಆ ಓರೆ ನೋಡ್ರಿ. ಕೊಡಲಿ ಹಿಡಿದಾಕಿ ನಾನು, ಏಟು ಅವಂದು. ಅವನ್ನ ಮಣ್ಣಿಗೆ ಇಟ್ಟು ಬಂದೀನಿ. ಇದನ್ನೂ ಹೆಂಗ ಇಡ್ಲಿ?"

ಆಗ ಅವಳಿಗೆ ಅಳು ಬಂತು. ಮರಿಸ್ವಾಮಿ ಗುಡ್ಡ ಇಳಿದು ಹೋದ. ಆಮೇಲೆ ಊರಿನವರಾರೂ ಅವಳ ಮನೆಯ ನೀರು ಮುಟ್ಟಲಿಲ್ಲ. ಅವಳೂ ಯಾರನ್ನೂ ಕರೆಯಲಿಲ್ಲ.