ಶ್ವಾಸಕೋಶದ ಬಿಳಿ ಮಚ್ಚೆ

ಹಾಲು ಮಾರುವವಳಿಗೆ ಕೆಮ್ಮು ಹಿಡಿದು ತಿಂಗಳು ಕಳೆದಿತ್ತು. ಅವಳ ಅಪ್ಪ ಕೆಮ್ಮಿ ಕೆಮ್ಮಿಯೇ ಹೋದವನು. ಆ ಹೆದರಿಕೆಗೆ ಅವಳು ಆಸ್ಪತ್ರೆಯತ್ತ ತಲೆ ಹಾಕಿರಲಿಲ್ಲ. ಕೊನೆಗೆ ನಾದಿನಿಯೇ ಎಳೆದುಕೊಂಡು ಬಂದು ಎಕ್ಸ್‌ರೇ ಕೋಣೆಯೊಳಗೆ ದಬ್ಬಿದಳು.

ತಣ್ಣನೆಯ ಹಲಗೆಗೆ ಎದೆಯೊತ್ತಿ, ಉಸಿರು ಬಿಗಿಹಿಡಿದು ನಿಂತಳು. ಅಪ್ಪನ ಕಾಲದಂತೆ ಫಿಲ್ಮು ತೊಳೆದು ಒಣಗಿಸುವ ಕೆಲಸವಿರಲಿಲ್ಲ. ಮೈ ದಾಟಿ ಬಂದ ಕಿರಣಗಳನ್ನು ಹಲಗೆಯೇ ಹಿಡಿದು ಕಂಪ್ಯೂಟರಿಗೆ ಕಳಿಸಿತು. ಅವಳು ಈಚೆ ಬರುವಷ್ಟರಲ್ಲಿ ಚಿತ್ರ ಪರದೆಯ ಮೇಲಿತ್ತು. ಎಲುಬು ಬಿಳಿ, ಗಾಳಿ ತುಂಬಿದ ಶ್ವಾಸಕೋಶ ಕಪ್ಪು. ಬಲಗಡೆ ಮೇಲೆ ಮಾತ್ರ ಆ ಕಪ್ಪಿನ ನಡುವೆ ಒಂದು ಬಿಳಿ ಮಚ್ಚೆ.

"ಅದೇನಮ್ಮಾ ಅದು?" ಹಾಲಿನವಳು ಪರದೆಯತ್ತ ಬೆರಳು ತೋರಿಸಿದಳು.

ಎಕ್ಸ್‌ರೇ ತೆಗೆಯುವ ಹುಡುಗಿ ಚಿತ್ರವನ್ನು ದೊಡ್ಡದು ಮಾಡಿದಳು. ಮಚ್ಚೆ ಎದೆಗೂಡು ದಾಟಿ ಕತ್ತಿನವರೆಗೂ ಹೋಗಿತ್ತು. "ಅಕ್ಕಾ, ತಲೆಗೆ ಸ್ನಾನ ಮಾಡಿ ಬಂದ್ರಾ?"

"ಹ್ಞೂಂ. ಒದ್ದೆಯಲ್ಲೇ ಜಡೆ ಹಾಕ್ಕೊಂಡು ಬಂದೆ."

"ಅದನ್ನ ಎತ್ತಿ ನೆತ್ತಿ ಮೇಲೆ ಕಟ್ಟಿ. ಇನ್ನೊಂದು ತೆಗೀತೀನಿ."

ಎರಡನೆಯ ಚಿತ್ರದಲ್ಲಿ ಮಚ್ಚೆ ಇರಲಿಲ್ಲ. ದಪ್ಪನೆಯ ಒದ್ದೆ ಜಡೆ ಕಿರಣಕ್ಕೆ ಅಡ್ಡ ಬಂದಿತ್ತು, ಅಷ್ಟೆ. ಡಾಕ್ಟರೂ ನೋಡಿ, ಶ್ವಾಸಕೋಶ ಚೆನ್ನಾಗಿದೆ, ಕೆಮ್ಮು ಮಾತ್ರೆಗೆ ಹೋಗುತ್ತದೆ ಎಂದರು.

ಹೊರಗಿನ ಬೆಂಚಿನ ಮೇಲೆ ಕುಸಿದು ಕೂತವಳಿಗೆ ಕಣ್ಣು ತುಂಬಿ ಬಂತು.

"ನೀನು ಮದುವೆಯಾಗಿ ಬಂದಾಗಿನಿಂದ ಈ ಜಡೆ ನೋಡಿ ಹೊಟ್ಟೆ ಉರ್ಕೊಂಡಿದ್ದೀನಿ ಅತ್ತಿಗೆ," ಎಂದಳು ನಾದಿನಿ. "ಇವತ್ತು ಮಿಷನ್ನೂ ಕಣ್ಣು ಹಾಕ್ತು ನೋಡು."

ಹಾಲಿನವಳು ನಕ್ಕಳು. ನಗುವಿನ ಹಿಂದೆಯೇ ಕೆಮ್ಮು ಬಂತು. ಈ ಸಲ ಹೆದರದೆ, ಜೋರಾಗಿಯೇ ಕೆಮ್ಮಿದಳು.