ಇಳಿಯಬಾರದ ಸ್ಟಾಪು

"ಭಾವನೇ ಹೇಳಿರ್ಬೇಕು. ಇನ್ಯಾರಿಗೆ ಗೊತ್ತು ಹೇಳಿ?"

ಕನ್ನಡಕದಂಗಡಿಯ ಹುಡುಗಿ ಹೀಗೆಂದು ಠಾಣೆಯ ಮೇಜಿನ ಮೇಲೆ ಪೊಟ್ಟಣವನ್ನು ಇಟ್ಟಳು. ಸುತ್ತಿದ ಕಾಗದ ಅರ್ಧ ಹರಿದಿತ್ತು. ಒಳಗೆ ಗಾಜು ಹಾಕಿಸಿದ ಚೌಕಟ್ಟು, ಚೌಕಟ್ಟಿನೊಳಗೆ ಅವಳದೇ ಮುಖ. ಕೆಲಸಕ್ಕೆ ಸೇರುವಾಗ ಗುರುತಿನ ಚೀಟಿಗೆಂದು ಸ್ಟುಡಿಯೋದಲ್ಲಿ ತೆಗೆಸಿದ್ದ ಹೆಬ್ಬೆರಳಿನಷ್ಟು ಫೋಟೋ ಈಗ ಊಟದ ತಟ್ಟೆಯಷ್ಟು ಅಗಲವಾಗಿ ಬೆಳೆದು ಬಂದಿತ್ತು. ಕಳಿಸಿದವರ ಹೆಸರಿರಲಿಲ್ಲ. ಮನೆಯ ನಂಬರೂ ಇರಲಿಲ್ಲ. ಅವಳ ಹೆಸರು, ಕೆಳಗೆ 'ನೀರಿನ ಟ್ಯಾಂಕಿನ ಹಿಂದಿನ ಬೀದಿ' ಎಂದಷ್ಟೇ. ಕೊರಿಯರ್‌ನವನು ಬೀದಿಯ ಬಾಗಿಲುಗಳನ್ನೆಲ್ಲ ತಟ್ಟಿ, ಅವಳ ಹೆಸರು ಕೂಗಿ ಕೇಳಿ, ಕೊಟ್ಟು ಹೋಗಿದ್ದ.

ದೊಡ್ಡಕ್ಕ ತನ್ನ ಮೇಜು ಬಿಟ್ಟು ಏಳಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಆದ ಅವಳನ್ನು ಠಾಣೆಯಲ್ಲಿ ಎಲ್ಲರೂ ಕರೆಯುತ್ತಿದ್ದುದು ಹಾಗೆಯೇ. ಜಾಮೀನಿನ ಮೇಲೆ ಹೊರಗಿರುವವರ ಕಾಲಿಗೆ ಕಟ್ಟಿದ ಪಟ್ಟಿಗಳು ಎಲ್ಲೆಲ್ಲಿ ಓಡಾಡುತ್ತಿವೆ ಎಂದು ಪರದೆಯ ಮೇಲೆ ಕಾಯುವುದು ಅವಳ ಕೆಲಸ. ಒಬ್ಬೊಬ್ಬರೂ ಒಂದೊಂದು ಚುಕ್ಕೆ. ಆ ಫೋಟೋ ತೆಗೆದ ಸ್ಟುಡಿಯೋದವನೂ ಒಂದು ಚುಕ್ಕೆ. ವರ್ಷವಿಡೀ ಈ ಹುಡುಗಿಯನ್ನು ನೆರಳಿನ ಹಾಗೆ ಹಿಂಬಾಲಿಸಿ, ಅಂಗಡಿಯ ಗಾಜಿಗೆ ಮುಖವೊತ್ತಿ ನಿಂತು, ಕೊನೆಗೆ ಸಿಕ್ಕಿಬಿದ್ದು, ಜಾಮೀನು ಪಡೆದವನು. ಅವಳ ಹತ್ತಿರ ಸುಳಿಯಬಾರದು, ಯಾವ ರೀತಿಯಲ್ಲೂ ಅವಳನ್ನು ಸಂಪರ್ಕಿಸಬಾರದು ಎಂಬುದು ನ್ಯಾಯಾಲಯದ ಷರತ್ತು. ಗೆರೆ ದಾಟಿದರೆ ಕಾಲಿನ ಪಟ್ಟಿ ಕೂಗುತ್ತದೆ, ಠಾಣೆಯ ಪರದೆಯೂ ಕೂಗುತ್ತದೆ. ಈಗ ಆ ಚುಕ್ಕೆ ಅವನ ಮನೆಯಲ್ಲೇ ತೆಪ್ಪಗೆ ಕೂತಿತ್ತು.

"ಅವನು ಆ ಟ್ಯಾಂಕಿನ ಬಸ್ ಸ್ಟಾಪಲ್ಲಿ ಇಳಿದೇ ಇಲ್ಲ ಸಾರ್," ಎಂದಳು ದೊಡ್ಡಕ್ಕ.

"ಅವನ್ಯಾಕೆ ಇಳೀತಾನೆ? ಕೊರಿಯರ್‌ನವನ ಕಾಲಿಗೆ ನಾವು ಪಟ್ಟಿ ಕಟ್ಟಿಲ್ವಲ್ಲ," ಎಂದರು ಇನ್ಸ್‌ಪೆಕ್ಟರ್. ಹುಡುಗಿಯ ಕಡೆ ತಿರುಗಿ, "ನಿಮ್ಮ ಭಾವ ಎಂಥವರಮ್ಮ?"

"ಒಳ್ಳೆಯವರೇ. ಆದ್ರೆ ಅವರ ಬಾಯಲ್ಲಿ ಎಳ್ಳು ನೆನೆಯೋಲ್ಲ ಸಾರ್. ನಾನು ಮನೆ ಬದಲಾಯಿಸಿದ್ದು ಅಕ್ಕ, ಭಾವನ್ನ ಬಿಟ್ರೆ ನಿಮಗೆ ಮಾತ್ರ ಗೊತ್ತು."

"ನಮ್ಮನೇಲೂ ಒಬ್ರು ಭಾವ ಇದ್ದಾರೆ," ಎಂದು ಬರೆಯುತ್ತ ಕೂತಿದ್ದ ರೈಟರ್ ತಲೆಯೆತ್ತಿದ. "ಯಾರಿಗೂ ಹೇಳ್ಬೇಡಿ ಅಂದ್ರೆ ಸಾಕು, ಅಲ್ಲಿಂದ ಪ್ರಸಾರ ಶುರು."

ಇನ್ಸ್‌ಪೆಕ್ಟರ್ ನಕ್ಕರು. "ಹಾಗೇ ಇರ್ಬೇಕು. ಅಲ್ವಾ ದೊಡ್ಡಕ್ಕಾ?"

"ಇರ್ಬಹುದು ಸಾರ್."

ಅಂದುಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅವಳ ತಾಯಿ ಪದ ಹೇಳುವಾಗೆಲ್ಲ ಹೇಳುತ್ತಿದ್ದಳು. ಇಲ್ಲಿ ಒಡೆದದ್ದು ಒಂದಲ್ಲ. ಈಗ ಆಡಿದ್ದು ಎರಡನೆಯ ಮಾತು.

ಮೊದಲನೆಯದನ್ನು ಹಿಂದಿನ ವಾರ ಆಡಿದ್ದಳು. ಹುಡುಗಿ ಅಕ್ಕನ ಮನೆ ಸೇರಿದಾಗ ಇನ್ಸ್‌ಪೆಕ್ಟರ್ ಬಿಡಿಸಿ ಹೇಳಿದ್ದರು: "ಗೆರೆ ದೊಡ್ಡದಾಗಿ ಎಳೀರಿ. ದೊಡ್ಡ ರಸ್ತೆಯಿಂದ ರೈಲು ಹಳಿವರೆಗೂ ಕಾಲಿಡ್ಬೇಡ ಅಂತಷ್ಟೇ ಅವನಿಗೆ ಹೇಳಿ. ಎಲ್ಲಿಗೆ ಹೋಗಬಾರದು ಅಂತ ಹೇಳೋಕೆ ಹೋಗಿ, ಎಲ್ಲಿದ್ದಾಳೆ ಅಂತ ಹೇಳಿಬಿಟ್ಟೀರಿ." ಆದರೆ ಅವನು ಕೆಲಸಕ್ಕೆ ಹೋಗುವ ಬಸ್ಸು ಆ ಗೆರೆಯೊಳಗಿಂದಲೇ ಹಾಯುತ್ತಿತ್ತು. ಅವನ ತಾಯಿ ಬಂದು ಠಾಣೆಯ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು. "ಬಸ್ಸಲ್ಲಿ ಪಟ್ಟಿ ಕೂಗತ್ತೆ ತಾಯಿ. ಜನವೆಲ್ಲ ನನ್ನ ಮಗನ ಕಾಲನ್ನೇ ನೋಡ್ತಾರೆ." ಪಕ್ಕದಲ್ಲಿ ಅವನು, ತಲೆ ತಗ್ಗಿಸಿ. "ಅಕ್ಕಾ, ತಪ್ಪು ಮಾಡ್ದೆ, ಒಪ್ಕೊಂಡೆ. ಕೂತ ಸೀಟಿಂದ ಏಳಲ್ಲ, ಕಿಟಕಿ ಕಡೆ ನೋಡೋದೂ ಇಲ್ಲ."

ದೊಡ್ಡಕ್ಕನ ಕರುಳು ಕರಗಿತ್ತು. "ಹೋಗಲಿ, ಬಸ್ಸಲ್ಲಿ ಹೋಗಪ್ಪಾ. ಕೂಗಿದ್ರೆ ನಾನು ನೋಡ್ಕೋತೀನಿ. ಆ ನೀರಿನ ಟ್ಯಾಂಕಿನ ಸ್ಟಾಪಲ್ಲಿ ಮಾತ್ರ ಇಳೀಬೇಡ. ಅದರ ಹಿಂದಿನ ಬೀದಿ ಕಡೆಗೆ ತಲೆ ಹಾಕಿ ಮಲಗಲೂ ಬೇಡ, ತಿಳೀತಾ?"

"ಇಲ್ಲ ಅಕ್ಕಾ. ಆ ದಿಕ್ಕಿಗೆ ಕಾಲೂ ಚಾಚಲ್ಲ," ಎಂದು ಅವನು ನಕ್ಕಿದ್ದ. ಅವಳೂ ನಕ್ಕಿದ್ದಳು. ಆಮೇಲೆ ಬಸ್ಸು ಹಾಯುವ ಹೊತ್ತಿಗೆ ಪರದೆ ಕೂಗಿದಾಗಲೆಲ್ಲ ಮಗುವಿನ ಬೆನ್ನು ತಟ್ಟಿದ ಹಾಗೆ ಗುಂಡಿ ಒತ್ತಿ ಸುಮ್ಮನಾಗಿಸುತ್ತಿದ್ದಳು.

"ಭಾವ ನಿನ್ನೆಯಿಂದ ಊಟ ಮಾಡಿಲ್ಲ," ಎನ್ನುತ್ತಿದ್ದಳು ಹುಡುಗಿ. "ನಾನು ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲಮ್ಮ ಅಂತ ಅತ್ತರು. ನಾಟಕ ಸಾಕು ಅಂದೆ. ಅಕ್ಕ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಬಟ್ಟೆ ಕಟ್ಟಿಟ್ಟು ಬಂದಿದ್ದೀನಿ."

"ಎಲ್ಲಿಗೆ ಹೋಗ್ತೀಯಮ್ಮ?" ಎಂದಳು ದೊಡ್ಡಕ್ಕ.

"ಅಂಗಡಿ ಹಿಂದೆ ಲೆನ್ಸ್ ಉಜ್ಜೋ ರೂಮಿದೆ. ಅದಕ್ಕೆ ಒಳಗಿಂದ ಚಿಲಕ ಇಲ್ಲ. ಹಾಕಿಸ್ಕೋಬೇಕು."

ರೈಟರ್ ಬರೆದುಕೊಳ್ಳುತ್ತಿದ್ದ: 'ಭಾವನ ಮೇಲೆ ಅನುಮಾನ'. ದೊಡ್ಡಕ್ಕನಿಗೆ ಆ ಅಕ್ಷರಗಳು ಅಲ್ಲಿಂದಲೇ ಕಂಡವು. ಎದ್ದು ನಿಂತಳು. ಮೇಜಿನ ಅಂಚು ಹಿಡಿದುಕೊಂಡಳು.

"ಅದನ್ನ ಹೊಡೆದುಹಾಕಪ್ಪಾ," ಎಂದಳು. "ಹೇಳಿದ್ದು ನಾನು."

ಟ್ಯಾಂಕು, ಸ್ಟಾಪು, ಹಿಂದಿನ ಬೀದಿ, ತಲೆ ಹಾಕಿ ಮಲಗಬೇಡವೆಂದ ತಮಾಷೆ, ಒಂದನ್ನೂ ಬಿಡದೆ ಹೇಳಿದಳು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತಲ್ಲ ಎಂದು ಇನ್ಸ್‌ಪೆಕ್ಟರ್ ಕೂಗಾಡಬಹುದೆಂದುಕೊಂಡಳು. ಅವರು ಕೂಗಾಡಲಿಲ್ಲ. ಅವಳತ್ತ ನೋಡಲೂ ಇಲ್ಲ. ಗೋಡೆಯನ್ನು ನೋಡುತ್ತ, "ಕೊರಿಯರ್ ಆಫೀಸಿಗೆ ಹೋಗು," ಎಂದು ರೈಟರ್‌ಗೆ ಹೇಳಿದರು. "ಕಳಿಸಿದ್ದು ಅವನೇ ಅಂತ ಸಿಕ್ಕಿದ್ರೆ ಷರತ್ತು ಮುರಿದ ಹಾಗೆ. ಜಾಮೀನು ರದ್ದು ಮಾಡಿ ಅಂತ ಇವತ್ತೇ ಅರ್ಜಿ ಹಾಕೋಣ. ದೊಡ್ಡಕ್ಕನ ಹೇಳಿಕೆಯೂ ಅದರಲ್ಲಿ ಬರುತ್ತೆ."

"ಬರಲಿ ಸಾರ್."

ಹುಡುಗಿ ಮಾತ್ರ ಅವಳನ್ನೇ ನೋಡುತ್ತಿದ್ದಳು. ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು. ಆ ಮುಖದಲ್ಲಿ ಲೆಕ್ಕ ತಪ್ಪಿದವರ ಬೆರಗಿತ್ತು.

"ಅವನಿಗೆ ಬಸ್ಸಿಗೆ ತೊಂದರೆ ಆಗ್ದೇ ಇರ್ಲಿ ಅಂತಾನಾ?"

ದೊಡ್ಡಕ್ಕ ಹೌದೆಂದು ತಲೆಯಾಡಿಸಿದಳು.

"ನಾನು ಎರಡು ಬಸ್ಸು ಬದಲಾಯಿಸ್ತೀನಿ," ಎಂದಳು ಹುಡುಗಿ. "ಊರೆಲ್ಲ ಸುತ್ತಿ ಮನೆಗೆ ಹೋಗ್ತೀನಿ. ನಿಮಗದು ಗೊತ್ತಿತ್ತು."

ಗೊತ್ತಿತ್ತು. ಸುತ್ತುದಾರಿ ಹಿಡಿ ಎಂದು ಹೇಳಿಕೊಟ್ಟವಳೂ ಅವಳೇ.

"ನಿನ್ನ ಭಾವನಿಗೆ ನಾನೇ ಬಂದು ಹೇಳ್ತೀನಮ್ಮಾ. ಅವರ ಕಾಲಿಗೆ ಬೇಕಾದ್ರೂ ಬೀಳ್ತೀನಿ. ಆ ಮನೆ ಬಿಡ್ಬೇಡ."

"ಕಾಲಿಗೆ ಬೀಳೋದೆಲ್ಲ ಬೇಡ. ಹೇಳಿದ್ರೆ ಸಾಕು." ಹುಡುಗಿ ಚೀಲ ಹೆಗಲಿಗೇರಿಸಿದಳು. ಚೌಕಟ್ಟನ್ನು ಮುಟ್ಟಲಿಲ್ಲ.

ಇಬ್ಬರೂ ಬೀದಿಗಿಳಿದಾಗ ಮಧ್ಯಾಹ್ನದ ಬಿಸಿಲು. ಅಂಗಡಿಗಳ ಬಾಗಿಲು ಅರ್ಧ ಇಳಿದಿತ್ತು, ಜನವಿರಲಿಲ್ಲ. ಜೊತೆಯಲ್ಲಿ ನಡೆಯುವ ಮುಖವಿಲ್ಲದೆ ದೊಡ್ಡಕ್ಕ ಒಂದಿಷ್ಟು ಹಿಂದುಳಿದಳು. ಖಾಲಿ ಬೀದಿಯಲ್ಲಿ ಅವಳ ಬೂಟಿನ ಸದ್ದು ದೊಡ್ಡದಾಗಿ ಕೇಳುತ್ತಿತ್ತು. ಮುಂದೆ ಹೋಗುತ್ತಿದ್ದ ಹುಡುಗಿ ಥಟ್ಟನೆ ತಿರುಗಿ ನೋಡಿದಳು, ಯಾರೆಂದು ಕಂಡು ಮತ್ತೆ ನಡೆದಳು. ನಾಲ್ಕು ಹೆಜ್ಜೆ ಹೋಗಿ ಮತ್ತೆ ತಿರುಗಿದಳು. ಯಾರೆಂದು ಗೊತ್ತಿದ್ದರೂ ಅವಳ ಕತ್ತು ಕೇಳುತ್ತಿರಲಿಲ್ಲ.

ದೊಡ್ಡಕ್ಕ ರಸ್ತೆ ದಾಟಿ ಎದುರು ಬದಿಯ ಬಿಸಿಲಿಗೆ ಹೋದಳು. ಹುಡುಗಿಯ ಕಡೆಗಣ್ಣಿಗೆ ಬೀಳುವಷ್ಟು ಮುಂದಕ್ಕೆ ಬಂದು, ಅವಳ ಹೆಜ್ಜೆಗೆ ಸಮನಾಗಿ ಹೆಜ್ಜೆ ಹಾಕತೊಡಗಿದಳು.